ಹೆಸರೊಂದೇ, ಒಳಗಿನ ಸರಕು ಬೇರೆ

ಒಂದೇ ಹೆಸರಿನ, ಒಂದೇ ಬೆಲೆಯ, ಒಂದೇ ಬಗೆಯ ಡಬ್ಬಿಯಲ್ಲಿ ಬರುವ ಎರಡು ಸರಕುಗಳು ಒಳಗೂ ಒಂದೇ ಆಗಿರುತ್ತವೆ ಎಂಬ ನಂಬಿಕೆಯ ಮೇಲೆ ಇಂದಿನ ಚಿಲ್ಲರೆ ವ್ಯಾಪಾರವೆಲ್ಲ ನಡೆದಿದೆ. ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ನೋಡಬಹುದು, ಬೆಲ್ಲವನ್ನು ನಾಲಿಗೆಗೆ ತಾಗಿಸಿ ನೋಡಬಹುದು. ಮೊಹರು ಮಾಡಿದ ಡಬ್ಬಿಯೊಳಗಿನ ಸ್ಮಾರ್ಟ್‌ಫೋನನ್ನು ಹಾಗೆ ನೋಡಿ ಕೊಳ್ಳುವುದು ಸಾಧ್ಯವಿಲ್ಲ. ಅಲ್ಲಿ ಗ್ರಾಹಕನಿಗೆ ಆಧಾರ ಮಾಡೆಲ್‌ನ ಹೆಸರೊಂದೇ. ಆ ಹೆಸರನ್ನೇ ಸಡಿಲಗೊಳಿಸಿದರೆ ಏನಾಗುತ್ತದೆ ಎಂಬುದಕ್ಕೆ 2017ರಲ್ಲಿ ಚೀನಾದಲ್ಲಿ ನಡೆದ ಪ್ರಸಂಗವೊಂದು ಒಳ್ಳೆಯ ದೃಷ್ಟಾಂತ. ಮೆಮೊರಿ ಚಿಪ್ಪುಗಳಿಗೆ ಮತ್ತೆ ಅಭಾವ ತಲೆದೋರಿರುವ ಈ ಸಂದರ್ಭದಲ್ಲಿ ನಮ್ಮ ವರ್ತಕರೂ ಸಣ್ಣ ಉದ್ದಿಮೆದಾರರೂ ಅದನ್ನು ಒಮ್ಮೆ ನೆನಪಿಸಿಕೊಳ್ಳುವುದು ಅಗತ್ಯವಾಗಿದೆ.

ಹುವಾವೇ ಕಂಪನಿಯು 2017ರ ಫೆಬ್ರವರಿ ಕೊನೆಯಲ್ಲಿ ಬಾರ್ಸಿಲೋನಾದಲ್ಲಿ ಪಿ-10 ಮತ್ತು ಪಿ-10 ಪ್ಲಸ್ ಎಂಬ ಎರಡು ಫೋನುಗಳನ್ನು ಬಿಡುಗಡೆ ಮಾಡಿತು. ಯೂರೋಪಿನಲ್ಲಿ ಪಿ-10ರ ಬೆಲೆ 649 ಯೂರೋ; ಅಂದರೆ ಆ ಕಾಲಕ್ಕೆ ಮೇಲ್ವರ್ಗದ ಫೋನುಗಳ ಸಾಲಿಗೆ ಸೇರಿದ ಸರಕು. ಏಪ್ರಿಲ್ ತಿಂಗಳ ಹೊತ್ತಿಗೆ ಚೀನಾದ ಗ್ರಾಹಕರು ತಮ್ಮ ತಮ್ಮ ಫೋನುಗಳ ಸ್ಟೋರೇಜ್ ವೇಗವನ್ನು ಅಳೆದು ಒಬ್ಬರಿಗೊಬ್ಬರು ಹೋಲಿಸಿ ನೋಡತೊಡಗಿದರು. ಕೆಲವು ಸೆಟ್ಟುಗಳು ಸೆಕೆಂಡಿಗೆ 700 ಎಂ.ಬಿ.ಗಿಂತ ಹೆಚ್ಚಿನ ವೇಗದಲ್ಲಿ ಮಾಹಿತಿ ಓದುತ್ತಿದ್ದವು, ಕೆಲವು 500ರ ಆಸುಪಾಸಿನಲ್ಲಿದ್ದವು, ಇನ್ನು ಕೆಲವು 300ರ ಸುತ್ತಮುತ್ತಲೇ ನಿಂತುಬಿಟ್ಟಿದ್ದವು. ಒಂದೇ ಮಾಡೆಲ್, ಒಂದೇ ಬೆಲೆ, ಒಳಗೆ ಮಾತ್ರ ಮೂರು ಬಗೆಯ ಫ್ಲ್ಯಾಶ್ ಮೆಮೊರಿ: ಯು.ಎಫ್.ಎಸ್. 2.1, ಯು.ಎಫ್.ಎಸ್. 2.0 ಮತ್ತು ಇ.ಎಂ.ಎಂ.ಸಿ. 5.1. ಯಾರ ಪಾಲಿಗೆ ಯಾವುದು ಬರುತ್ತದೆ ಎಂಬುದು ಲಾಟರಿ ಚೀಟಿ ಎತ್ತಿದಂತೆ.

ಈ ಹೆಸರುಗಳ ಪರಿಚಯವಿಲ್ಲದ ಓದುಗರಿಗಾಗಿ ಒಂದೆರಡು ಮಾತು. ಫೋನಿನ ಸ್ಟೋರೇಜ್ ಎಂದರೆ ಕೇವಲ 64 ಜಿ.ಬಿ., 128 ಜಿ.ಬಿ. ಎಂಬ ಅಳತೆಯಲ್ಲ. ಗೋದಾಮು ಎಷ್ಟು ದೊಡ್ಡದು ಎಂಬುದು ಒಂದು ಪ್ರಶ್ನೆಯಾದರೆ, ಅದರ ಬಾಗಿಲಿನಿಂದ ಮೂಟೆಗಳು ಎಷ್ಟು ಬೇಗ ಒಳಹೊರಗೆ ಹೋಗಿಬರುತ್ತವೆ ಎಂಬುದು ಇನ್ನೊಂದು. ಇ.ಎಂ.ಎಂ.ಸಿ. ಬಗೆಯ ಮೆಮೊರಿಯಲ್ಲಿ ಬಾಗಿಲು ಒಂದೇ. ಮಾಹಿತಿ ಒಳಗೆ ಹೋಗುವಾಗ ಹೊರಗೆ ಬರುವಂತಿಲ್ಲ, ಹೊರಗೆ ಬರುವಾಗ ಒಳಗೆ ಹೋಗುವಂತಿಲ್ಲ. ಅದರ ಗರಿಷ್ಠ ವೇಗವೂ ಸೆಕೆಂಡಿಗೆ 400 ಎಂ.ಬಿ.ಗೆ ಸೀಮಿತ. ಯು.ಎಫ್.ಎಸ್.ನಲ್ಲಿ ಒಳದಾರಿ ಬೇರೆ, ಹೊರದಾರಿ ಬೇರೆ; ಓದುವುದೂ ಬರೆಯುವುದೂ ಏಕಕಾಲಕ್ಕೆ ನಡೆಯುತ್ತವೆ. ಮಾನದಂಡದ ಪ್ರಕಾರ ಅದರ ವೇಗದ ಮಿತಿಯೂ ಹಲವು ಪಟ್ಟು ಹೆಚ್ಚು. ಹೊಸ ಫೋನಿನಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಣ್ಣಿಗೆ ಬೀಳದಿರಬಹುದು. ಎರಡು ವರ್ಷ ಕಳೆದು ಚಿತ್ರ, ವೀಡಿಯೋ, ಆ್ಯಪ್‌ಗಳು ತುಂಬಿಕೊಂಡ ಮೇಲೆ ನಿಧಾನವಾದ ಸ್ಟೋರೇಜಿನ ಫೋನು ಮೊದಲು ತಡವರಿಸುತ್ತದೆ. ದುಬಾರಿ ಫೋನನ್ನು ಕೊಳ್ಳುವವನು ಹೆಚ್ಚುವರಿ ಹಣ ಕೊಡುವುದು ಈ ಎರಡನೆಯ, ಮೂರನೆಯ ವರ್ಷಕ್ಕಾಗಿಯೇ ಎಂಬುದನ್ನು ಮರೆಯಬಾರದು.

ಕಂಪನಿಯ ಮೊದಲ ಪ್ರತಿಕ್ರಿಯೆ ಬೆಂಕಿಗೆ ತುಪ್ಪ ಸುರಿದಂತಾಯಿತು. ಗ್ರಾಹಕ ವಿಭಾಗದ ಮುಖ್ಯಸ್ಥರಾಗಿದ್ದ ರಿಚರ್ಡ್ ಯು ಅವರು, ಇದಕ್ಕೆಲ್ಲ ಫ್ಲ್ಯಾಶ್ ಮೆಮೊರಿಯ ತೀವ್ರ ಅಭಾವವೇ ಕಾರಣ, ಇಂಥದೇ ಚಿಪ್ಪನ್ನು ಹಾಕುತ್ತೇವೆಂದು ಕಂಪನಿ ಎಂದೂ ಮಾತು ಕೊಟ್ಟಿರಲಿಲ್ಲ, ಸಾಫ್ಟ್‌ವೇರ್ ಮತ್ತು ಹಾರ್ಡ್‌ವೇರ್ ಹೊಂದಾಣಿಕೆಯಿಂದ ಬಳಕೆಯ ಅನುಭವ ಚೆನ್ನಾಗಿಯೇ ಇದೆ ಎಂಬರ್ಥದ ವಿವರಣೆ ನೀಡಿದರು. ಈ ಮೂರರಲ್ಲಿ ಯಾವುದೂ ಸುಳ್ಳಾಗಿರಬೇಕಿಲ್ಲ. ಆದರೂ ಗ್ರಾಹಕರ ಕೋಪ ಇಮ್ಮಡಿಯಾಯಿತು. ಕೆಲವೇ ದಿನಗಳಲ್ಲಿ ಅವರೇ ತಮ್ಮ ಮೊದಲ ಪ್ರತಿಕ್ರಿಯೆಯಲ್ಲಿ ವಿನಯ ಸಾಲದಾಯಿತೆಂದು ಒಪ್ಪಿಕೊಂಡು, ಗ್ರಾಹಕರ ಅಹವಾಲುಗಳನ್ನು ಆಲಿಸುವ ಏರ್ಪಾಡು ಮಾಡುವುದಾಗಿ ಪ್ರಕಟಿಸಬೇಕಾಯಿತು. ಗ್ರಾಹಕ ಕೇಳಿದ್ದು ಚಿಪ್ಪಿನ ಪ್ರಶ್ನೆಯನ್ನಲ್ಲವೇ ಅಲ್ಲ. "ನನ್ನ ಪಕ್ಕದವನು ಕೊಟ್ಟಷ್ಟೇ ಹಣ ನಾನೂ ಕೊಟ್ಟೆ, ಅವನಿಗೆ ಕೊಟ್ಟದ್ದನ್ನು ನನಗೆ ಏಕೆ ಕೊಡಲಿಲ್ಲ? ಕೊಡದಿದ್ದರೆ ಮೊದಲೇ ಏಕೆ ಹೇಳಲಿಲ್ಲ?" ಎಂಬುದು ಅವನ ಪ್ರಶ್ನೆಯಾಗಿತ್ತು. ನಾವು ಮಾತು ಕೊಟ್ಟಿರಲಿಲ್ಲ ಎಂಬುದು ವಕೀಲರ ಉತ್ತರವಾದೀತೇ ಹೊರತು ವ್ಯಾಪಾರಿಯ ಉತ್ತರವಾಗಲಾರದು.

ಕಂಪನಿ ಹೇಳಿದ ಅಭಾವ ಕಟ್ಟುಕಥೆಯೇನೂ ಆಗಿರಲಿಲ್ಲ. 2016-17ರಲ್ಲಿ ಫ್ಲ್ಯಾಶ್ ಮೆಮೊರಿಯ ತಯಾರಕರು ಹಳೆಯ ಸಮತಲ ವಿನ್ಯಾಸವನ್ನು ಬಿಟ್ಟು, ಕೋಶಗಳನ್ನು ಮಹಡಿಯ ಮೇಲೆ ಮಹಡಿಯಂತೆ ಜೋಡಿಸುವ ತ್ರೀ-ಡಿ ವಿನ್ಯಾಸಕ್ಕೆ ತಮ್ಮ ಕಾರ್ಖಾನೆಗಳನ್ನು ಬದಲಾಯಿಸುತ್ತಿದ್ದರು. ಬದಲಾವಣೆಯ ಆ ಅವಧಿಯಲ್ಲಿ ಉತ್ಪಾದನೆ ಕುಂಠಿತವಾಯಿತು. ಅದೇ ಸಮಯದಲ್ಲಿ ಫೋನುಗಳಿಗೂ ಎಸ್.ಎಸ್.ಡಿ.ಗಳಿಗೂ ಬೇಡಿಕೆ ಏರಿತು. ಇಡೀ ಜಗತ್ತಿಗೆ ಈ ಸರಕನ್ನು ಆಗ ಒದಗಿಸುತ್ತಿದ್ದವರು ಸ್ಯಾಮ್‌ಸಂಗ್, ತೋಷಿಬಾ, ವೆಸ್ಟರ್ನ್ ಡಿಜಿಟಲ್, ಎಸ್.ಕೆ. ಹೈನಿಕ್ಸ್, ಮೈಕ್ರಾನ್ ಮೊದಲಾದ ಬೆರಳೆಣಿಕೆಯ ಕಂಪನಿಗಳು. ಅವುಗಳಲ್ಲಿ ತೋಷಿಬಾ ಅಮೆರಿಕದ ತನ್ನ ಅಣುವಿದ್ಯುತ್ ಉದ್ಯಮದ ನಷ್ಟದಿಂದ ತತ್ತರಿಸಿ, ಮೆಮೊರಿ ವಿಭಾಗವನ್ನೇ ಮಾರಾಟಕ್ಕಿಟ್ಟಿತ್ತು. 2018ರಲ್ಲಿ ಕೈಬದಲಾದ ಆ ವಿಭಾಗವೇ ಇಂದಿನ ಕಿಯೋಕ್ಸಿಯಾ. ಇಂಥ ಮಾರುಕಟ್ಟೆಯಲ್ಲಿ ಕೋಟಿಗಟ್ಟಲೆ ಫೋನು ತಯಾರಿಸುವ ಕಂಪನಿಗೆ ಒಬ್ಬನೇ ಸರಬರಾಜುದಾರನನ್ನು ನೆಚ್ಚಿಕೊಂಡು ಕೂರುವುದು ಸಾಧ್ಯವೂ ಇಲ್ಲ, ಜಾಣತನವೂ ಅಲ್ಲ. 2011ರಲ್ಲಿ ಥಾಯ್ಲೆಂಡಿನಲ್ಲಿ ನೆರೆ ಬಂದು ಹಾರ್ಡ್ ಡಿಸ್ಕ್ ಕಾರ್ಖಾನೆಗಳು ಮುಳುಗಿದಾಗ ಡಿಸ್ಕುಗಳ ಬೆಲೆ ಹೇಗೆ ಗಗನಕ್ಕೇರಿತೆಂಬುದು ಬೆಂಗಳೂರಿನ ಎಸ್.ಪಿ. ರಸ್ತೆಯ ವರ್ತಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡನೆಯ ಮೂಲದಿಂದ ಬಿಡಿಭಾಗ ಕೊಳ್ಳುವುದು ಎಲೆಕ್ಟ್ರಾನಿಕ್ಸ್ ಉದ್ಯಮದಲ್ಲಿ ಹಳೆಯ ಪದ್ಧತಿಯೇ. 1982ರಲ್ಲಿ ಇಂಟೆಲ್ ತನ್ನ ಪ್ರೊಸೆಸರ್‌ಗಳನ್ನು ತಯಾರಿಸುವ ಹಕ್ಕನ್ನು ಎ.ಎಂ.ಡಿ.ಗೆ ನೀಡಿದ್ದರ ಹಿಂದೆ, ಒಬ್ಬನೇ ಸರಬರಾಜುದಾರನನ್ನು ನಂಬಲು ಒಪ್ಪದ ಐ.ಬಿ.ಎಂ.ನ ಒತ್ತಾಯವಿತ್ತು. ಆದರೆ ಎ.ಎಂ.ಡಿ. ತಯಾರಿಸಿದ ಚಿಪ್ಪಿನ ಮೇಲೆ ಎ.ಎಂ.ಡಿ.ಯ ಹೆಸರೇ ಅಚ್ಚಾಗಿರುತ್ತಿತ್ತು. ಮೂಲ ಎರಡಿದ್ದರೂ ಗುರುತು ಎರಡಿತ್ತು. ನನ್ನ ತಕರಾರು ಇರುವುದು ಬದಲಿ ಬಿಡಿಭಾಗದ ಬಗ್ಗೆ ಅಲ್ಲ, ಅಳಿಸಿಹೋದ ಗುರುತಿನ ಬಗ್ಗೆ.

ಹುವಾವೇಯೊಂದನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಾಗದು. 2015ರಲ್ಲಿ ಬಂದ ಆ್ಯಪಲ್‌ನ ಐಫೋನ್ 6-ಎಸ್‌ನಲ್ಲಿ ಎ-9 ಎಂಬ ಒಂದೇ ಹೆಸರಿನ ಪ್ರೊಸೆಸರನ್ನು ಸ್ಯಾಮ್‌ಸಂಗ್ ಮತ್ತು ತೈವಾನಿನ ಟಿ.ಎಸ್.ಎಂ.ಸಿ. ಎರಡೂ ಬೇರೆ ಬೇರೆ ವಿಧಾನದಲ್ಲಿ ತಯಾರಿಸಿಕೊಟ್ಟಿದ್ದವು. ಬ್ಯಾಟರಿ ಬಾಳಿಕೆಯಲ್ಲಿ ವ್ಯತ್ಯಾಸವಿದೆಯೆಂಬ ಗುಲ್ಲೆದ್ದಾಗ ಆ್ಯಪಲ್, ನಿತ್ಯದ ಬಳಕೆಯಲ್ಲಿ ಅಂತರ ಶೇಕಡಾ 2ರಿಂದ 3 ಮಾತ್ರ ಎಂದು ಅಂಕಿ ಸಹಿತ ಉತ್ತರಿಸಿತು. ಮೊದಲೇ ಹೇಳಿದ್ದರೆ ಇನ್ನೂ ಚೆನ್ನಾಗಿತ್ತು. ಆದರೂ ಅಂಕಿಯಿಟ್ಟು ಮಾತನಾಡಿದ್ದರಿಂದ ಗಲಾಟೆ ಬೇಗ ತಣ್ಣಗಾಯಿತು. 2023ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್-23ರದು ಇನ್ನೊಂದು ಬಗೆ. ಅದರ 256 ಜಿ.ಬಿ. ಫೋನಿನಲ್ಲಿ ಹೊಸ ಯು.ಎಫ್.ಎಸ್. 4.0 ಇತ್ತು, 128 ಜಿ.ಬಿ. ಫೋನಿನಲ್ಲಿ ಹಿಂದಿನ ತಲೆಮಾರಿನ ಯು.ಎಫ್.ಎಸ್. 3.1. ಇಲ್ಲಿ ಲಾಟರಿ ಇಲ್ಲ, 128 ಜಿ.ಬಿ. ಕೊಂಡವರೆಲ್ಲರಿಗೂ ಸಿಕ್ಕಿದ್ದು ಒಂದೇ. ಆದರೆ ಕಡಿಮೆ ಜಾಗವಿರುವ ಫೋನು ಕೊಂಡರೆ ಕಡಿಮೆ ವೇಗವೂ ಬರುತ್ತದೆ ಎಂದು ಅಂಗಡಿಯ ಮುಂದೆ ನಿಂತ ಸಾಮಾನ್ಯ ಗ್ರಾಹಕ ಹೇಗೆ ಊಹಿಸಬೇಕು? ಪಿ-10ರ ತಪ್ಪಿಗಿಂತ ಇದು ಸಣ್ಣದೆಂದು ನಾನು ಒಪ್ಪುತ್ತೇನೆ. ಹಾಗೆಂದು ತಪ್ಪೇ ಅಲ್ಲವೆನ್ನಲಾರೆ.

ಕಂಪ್ಯೂಟರ್ ಬಿಡಿಭಾಗಗಳ ವ್ಯಾಪಾರದಲ್ಲಿ ಈ ರೋಗ ಇನ್ನೂ ಹಳೆಯದು, ಮದ್ದು ಕಂಡುಹಿಡಿದದ್ದೂ ಅಲ್ಲಿಯೇ. ವೆಸ್ಟರ್ನ್ ಡಿಜಿಟಲ್ ಕಂಪನಿಯ ರೆಡ್ ಎಂಬ ಹಾರ್ಡ್ ಡಿಸ್ಕುಗಳನ್ನು ಸಣ್ಣ ಕಚೇರಿಗಳು ತಮ್ಮ ಲೆಕ್ಕಪತ್ರಗಳನ್ನು ಕಾಪಿಡಲು ಬಳಸುತ್ತವೆ. ಅವುಗಳಲ್ಲಿ ಕೆಲವನ್ನು ಎಸ್.ಎಂ.ಆರ್. ಎಂಬ ವಿಧಾನದಲ್ಲಿ ತಯಾರಿಸಲಾಗಿದೆ ಎಂಬುದು ಗ್ರಾಹಕರಿಗೆ ತಿಳಿದಿರಲಿಲ್ಲ. ಮಂಗಳೂರು ಹಂಚು ಹೊದಿಸುವಾಗ ಒಂದರ ಅಂಚಿನ ಮೇಲೆ ಇನ್ನೊಂದನ್ನು ಕೂರಿಸುವಂತೆ, ಮಾಹಿತಿಯ ಸಾಲುಗಳನ್ನು ಒಂದರ ಮೇಲೊಂದು ಹಾಸುವ ವಿಧಾನವದು. ಜಾಗ ಉಳಿಯುತ್ತದೆ, ಆದರೆ ನಡುವಿನ ಒಂದು ಹಂಚು ಬದಲಿಸಬೇಕಾದರೆ ಅಕ್ಕಪಕ್ಕದವನ್ನೂ ಎತ್ತಬೇಕಾಗುವುದರಿಂದ ಬರೆಯುವ ಕೆಲಸ ನಿಧಾನವಾಗುತ್ತದೆ. ಬಳಕೆದಾರರ ದೂರುಗಳ ನಂತರ 2020ರ ಏಪ್ರಿಲ್‌ನಲ್ಲಿ ಕಂಪನಿ ಯಾವ ಯಾವ ಡಿಸ್ಕು ಯಾವ ವಿಧಾನದ್ದೆಂಬ ಪಟ್ಟಿ ಪ್ರಕಟಿಸಿತು. ಮುಂದೆ ಸಾಂಪ್ರದಾಯಿಕ ವಿಧಾನದವಕ್ಕೆ ರೆಡ್ ಪ್ಲಸ್ ಎಂಬ ಬೇರೆ ಹೆಸರಿಟ್ಟಿತು. ಮರುವರ್ಷ ಅದೇ ಕಂಪನಿಯ ಎಸ್.ಎನ್.-550 ಎಂಬ ಎಸ್.ಎಸ್.ಡಿ.ಯಲ್ಲಿ ಫ್ಲ್ಯಾಶ್ ಮೆಮೊರಿ ಬದಲಾಗಿ, ದೊಡ್ಡ ಕಡತಗಳನ್ನು ಬರೆಯುವಾಗಿನ ವೇಗ ಸೆಕೆಂಡಿಗೆ 600 ಎಂ.ಬಿ. ಆಸುಪಾಸಿನಿಂದ 400ರ ಆಸುಪಾಸಿಗೆ ಇಳಿದದ್ದು ಬಯಲಾಯಿತು. ಆಗ ಕಂಪನಿ ನೀಡಿದ ಭರವಸೆಯನ್ನು ನಮ್ಮ ಸದಸ್ಯರು ಗಮನಿಸಬೇಕು: ಇನ್ನು ಮುಂದೆ ಪ್ರಕಟಿತ ವಿವರಗಳ ಮೇಲೆ ಪರಿಣಾಮ ಬೀರುವ ಬದಲಾವಣೆ ಮಾಡಿದಾಗಲೆಲ್ಲ ಹೊಸ ಮಾಡೆಲ್ ಸಂಖ್ಯೆಯನ್ನು ಕೊಡುತ್ತೇವೆ. ಎರಡು ವರ್ಷದಲ್ಲಿ ಎರಡು ಬಾರಿ ಪೆಟ್ಟು ತಿಂದ ಮೇಲೆ ಬಂದ ಬುದ್ಧಿಯಾದರೂ ಅದು ಸರಿಯಾದ ಬುದ್ಧಿಯೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ಬದಲಾವಣೆಯನ್ನು ಮುಂಚಿತವಾಗಿ ತಿಳಿಸುವುದು ಕಾರ್ಯಸಾಧ್ಯವಲ್ಲ, ಬಿಡಿಭಾಗಗಳು ನೂರಾರು, ಒಂದೊಂದನ್ನೂ ಹೇಳುತ್ತ ಹೋದರೆ ಕಾರ್ಖಾನೆ ನಡೆಸುವುದು ಹೇಗೆ ಎಂದು ಫೋನು ತಯಾರಕರು ವಾದಿಸುವುದುಂಟು. ಆದರೆ ಇದೇ ತಯಾರಕರು ತಾವು ಕೊಳ್ಳುವವರಾದಾಗ ಕೇಳುವುದೇನು? ಇ.ಎಂ.ಎಂ.ಸಿ. ಮತ್ತು ಯು.ಎಫ್.ಎಸ್. ಎರಡರ ಮಾನದಂಡಗಳನ್ನೂ ರೂಪಿಸಿದ ಸಂಸ್ಥೆ ಜೆಡೆಕ್. ಚಿಪ್ಪಿನ ವಿನ್ಯಾಸದಲ್ಲಾಗಲಿ, ತಯಾರಿಕಾ ವಿಧಾನದಲ್ಲಾಗಲಿ ಮುಖ್ಯವಾದ ಬದಲಾವಣೆ ಮಾಡುವಾಗ ಸರಬರಾಜುದಾರನು ತನ್ನ ಗಿರಾಕಿಗೆ ಹೇಗೆ ನೋಟೀಸು ಕೊಡಬೇಕೆಂಬುದಕ್ಕೂ ಅದೇ ಸಂಸ್ಥೆಯ ಮಾನದಂಡವಿದೆ. ಬದಲಾದ ಸರಕಿನ ಮೊದಲ ರವಾನೆಗೆ ಕನಿಷ್ಠ 90 ದಿನ ಮುಂಚೆ ಆ ನೋಟೀಸು ತಲುಪಬೇಕು ಎಂಬುದು ಅದರ ಸಾಮಾನ್ಯ ನಿಯಮ. ಏನು ಬದಲಾಯಿತು, ಏಕೆ ಬದಲಾಯಿತು, ಹಳೆಯದನ್ನೂ ಹೊಸದನ್ನೂ ಗುರುತಿಸುವುದು ಹೇಗೆ ಎಂಬ ವಿವರಗಳು ಅದರಲ್ಲಿರಬೇಕು. ಗಿರಾಕಿ ಮಾದರಿ ತರಿಸಿಕೊಂಡು ಪರೀಕ್ಷಿಸಲೂಬಹುದು. ಅಂದರೆ ಚಿಪ್ಪಿನ ತಯಾರಕನಿಂದ ಫೋನಿನ ತಯಾರಕನವರೆಗೆ ಬದಲಾವಣೆಯ ಸುದ್ದಿ ಕಾಗದದ ಮೇಲೆ, ಸಹಿಯೊಂದಿಗೆ, ಮೂರು ತಿಂಗಳು ಮುಂಚೆ ಹರಿದುಬರುತ್ತದೆ. ಫೋನಿನ ಕಾರ್ಖಾನೆಯ ಬಾಗಿಲಿಗೆ ಬಂದು ಅದು ನಿಂತುಬಿಡುತ್ತದೆ. ಅಲ್ಲಿಂದಾಚೆಗೆ ವಿತರಕನಿಗೆ ಗೊತ್ತಿಲ್ಲ, ಅಂಗಡಿಯವನಿಗೆ ಗೊತ್ತಿಲ್ಲ, ಗ್ರಾಹಕನಿಗಂತೂ ಗೊತ್ತೇ ಇಲ್ಲ.

ಈ ಮಾತು ಪೀಣ್ಯದಲ್ಲಾಗಲಿ, ಹುಬ್ಬಳ್ಳಿ, ಬೆಳಗಾವಿಗಳಲ್ಲಾಗಲಿ ವಾಹನ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಘಟಕಗಳವರಿಗೆ ಹೊಸದೇನಲ್ಲ. ಉಕ್ಕಿನ ದರ್ಜೆ ಬದಲಿಸಬೇಕೆ, ಶಾಖೋಪಚಾರವನ್ನು ಬೇರೆ ಘಟಕಕ್ಕೆ ಕೊಡಬೇಕೆ, ಯಂತ್ರವನ್ನು ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಸಾಗಿಸಬೇಕೆ, ಪ್ರತಿಯೊಂದಕ್ಕೂ ಪಿ.ಪಿ.ಎ.ಪಿ. ಕಡತ ಸಿದ್ಧಪಡಿಸಿ ಗಿರಾಕಿಯ ಒಪ್ಪಿಗೆ ಪಡೆಯಲೇಬೇಕು. ಹತ್ತು ಜನ ಕೆಲಸಗಾರರಿರುವ ಘಟಕ ಇಷ್ಟನ್ನು ಮಾಡುತ್ತದೆ. ಸಾವಿರಾರು ಎಂಜಿನಿಯರುಗಳಿರುವ ಕಂಪನಿಗೆ ಡಬ್ಬಿಯ ಮೇಲೆ ಒಂದು ಅಕ್ಷರ ಹೆಚ್ಚಿಗೆ ಮುದ್ರಿಸುವುದು ಕಷ್ಟವೆಂದರೆ ಯಾರು ನಂಬಿಯಾರು?

ಇದೆಲ್ಲದರ ಪೆಟ್ಟು ಬೀಳುವುದು ಎಲ್ಲಿ ಎಂಬುದನ್ನು ವರ್ತಕ ಮಿತ್ರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ತಯಾರಕನ ಮೌನಕ್ಕೆ ಉತ್ತರ ಹೇಳುವವನು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು. ಗ್ರಾಹಕ ಕಂಪನಿಯ ಪ್ರಧಾನ ಕಚೇರಿಗೆ ಹೋಗುವುದಿಲ್ಲ. ಬಿಲ್ಲು ಕೊಟ್ಟ ಅಂಗಡಿಗೆ ಬರುತ್ತಾನೆ. ಅಂಗಡಿಯವನು ಸೆಟ್ಟನ್ನು ಬದಲಿಸಿಕೊಡುವಂತಿಲ್ಲ, ಏಕೆಂದರೆ ಕಂಪನಿಯ ದೃಷ್ಟಿಯಲ್ಲಿ ಅದರಲ್ಲಿ ದೋಷವೇ ಇಲ್ಲ. ಬದಲಿಸಿದರೂ ಹೊಸ ಡಬ್ಬಿಯೊಳಗೆ ಯಾವ ಚಿಪ್ಪಿದೆಯೋ ಅವನಿಗೂ ತಿಳಿಯದು. ಸರ್ವಿಸ್ ಸೆಂಟರಿನವರು ಎಲ್ಲವೂ ಸರಿಯಿದೆಯೆಂದು ಚೀಟಿ ಬರೆದುಕೊಟ್ಟು ಕಳುಹಿಸುತ್ತಾರೆ. ಕೊನೆಗೆ ಹೋಗುವುದು ಹತ್ತು ವರ್ಷದಿಂದ ಬರುತ್ತಿದ್ದ ಒಬ್ಬ ಗಿರಾಕಿ.

ಕಾನೂನಿನ ದೃಷ್ಟಿಯಿಂದಲೂ ಅಂಗಡಿಯವನ ಸ್ಥಿತಿ ಆರಾಮದಾಯಕವಲ್ಲ. 1930ರ ಸರಕು ಮಾರಾಟ ಕಾಯಿದೆಯ 15ನೆಯ ಪ್ರಕರಣದಂತೆ, ವಿವರಣೆಯ ಮೇಲೆ ಮಾರಿದ ಸರಕು ಆ ವಿವರಣೆಗೆ ಹೊಂದಿಕೆಯಾಗಬೇಕೆಂಬುದು ಮಾರಾಟದ ಒಳ ಷರತ್ತು. ಮಾರಾಟಗಾರನೆಂದರೆ ಇಲ್ಲಿ ಬಿಲ್ಲು ಬರೆದವನೇ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಸರಕಿನ ಗುಣಮಟ್ಟ, ದರ್ಜೆ, ಮಾನದಂಡಗಳ ಬಗ್ಗೆ ತಿಳಿದುಕೊಳ್ಳುವುದನ್ನು ಗ್ರಾಹಕನ ಹಕ್ಕೆಂದು ಹೇಳುತ್ತದೆ. ಸರಕಿನ ದರ್ಜೆ, ಸಂಯೋಜನೆ, ಮಾಡೆಲ್‌ಗಳ ಬಗ್ಗೆ ಸುಳ್ಳು ನಿರೂಪಣೆ ಮಾಡುವುದು ಅದರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಮುಖ್ಯ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮರೆಮಾಚುವ ಜಾಹೀರಾತು ದಾರಿತಪ್ಪಿಸುವ ಜಾಹೀರಾತು. ಅಂಥ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಗ್ರಾಹಕ ತಾನು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲಿಯೇ ದೂರು ಕೊಡಲು ಈ ಕಾಯಿದೆ ಅವಕಾಶ ಮಾಡಿಕೊಟ್ಟಿದೆ. ದಾವಣಗೆರೆಯ ಗ್ರಾಹಕ ದಾವಣಗೆರೆಯಲ್ಲಿ ದೂರು ಕೊಟ್ಟರೆ, ಕೈಗೆ ಮೊದಲು ಸಿಗುವ ಎದುರುದಾರ ದಾವಣಗೆರೆಯ ಅಂಗಡಿಯವನೇ. ಕಂಪನಿ ಯಾವ ಚಿಪ್ಪೆಂದು ಎಲ್ಲಿಯೂ ಬರೆದಿರದಿದ್ದರೆ ಅದು ನುಣುಚಿಕೊಳ್ಳಬಹುದು. ವ್ಯಾಪಾರದ ಉತ್ಸಾಹದಲ್ಲಿ "ಇದರಲ್ಲಿ ಅತ್ಯಂತ ವೇಗದ ಸ್ಟೋರೇಜ್ ಇದೆ ಸಾರ್" ಎಂದು ಹೇಳಿದ, ಅಂಗಡಿಯ ಫಲಕದಲ್ಲಿ ಬರೆಸಿದ ವರ್ತಕನಿಗೆ ಆ ದಾರಿಯೂ ಇಲ್ಲ.

ಹೇಳಿ ಮಾರುವುದರಿಂದ ವ್ಯಾಪಾರ ಕೆಡುತ್ತದೆಂಬ ಭಯಕ್ಕೆ ನಮ್ಮ ನಾಡಿನ ಕಾಫಿ ಪುಡಿಯ ವ್ಯಾಪಾರವೇ ಉತ್ತರ. ಕಾಫಿಗೆ ಚಿಕೋರಿ ಬೆರೆಸುವುದು ಅಪರಾಧವಲ್ಲ. ಆ ರುಚಿಯನ್ನೇ ಬಯಸಿ ಕೊಳ್ಳುವವರು ಲಕ್ಷಾಂತರ ಮಂದಿ. ಕಾನೂನು ಕೇಳುವುದಿಷ್ಟೆ: ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕಿಂತ ಕಡಿಮೆಯಿರಬಾರದು, ಕಾಫಿ ಎಷ್ಟು ಚಿಕೋರಿ ಎಷ್ಟು ಎಂಬುದು ಪೊಟ್ಟಣದ ಮೇಲೆ ಕಾಣಬೇಕು. ಹೀಗೆ ಬರೆದದ್ದರಿಂದ ಯಾವ ಕಾಫಿ ಪುಡಿ ಅಂಗಡಿಯೂ ಮುಚ್ಚಲಿಲ್ಲ. 80-20 ಬೇಕೆನ್ನುವವನು ಅದನ್ನು ಕೊಳ್ಳುತ್ತಾನೆ, 60-40 ಸಾಕೆನ್ನುವವನು ಕಡಿಮೆ ಬೆಲೆ ಕೊಟ್ಟು ಅದನ್ನು ಒಯ್ಯುತ್ತಾನೆ. ನಮ್ಮ ಕೆ.ಎಸ್.ಐ.ಸಿ.ಯ ಮೈಸೂರು ರೇಷ್ಮೆ ಸೀರೆಗಳಿಗೆ ಒಂದೊಂದಕ್ಕೂ ಪ್ರತ್ಯೇಕ ಗುರುತಿನ ಸಂಖ್ಯೆಯಿದೆ. ಸೀರೆಗೆ ಸಾಧ್ಯವಾದದ್ದು, ಹುಟ್ಟುವಾಗಲೇ ಹದಿನೈದು ಅಂಕಿಯ ಐ.ಎಂ.ಇ.ಐ. ಸಂಖ್ಯೆ ಹೊತ್ತು ಬರುವ ಫೋನಿಗೆ ಏಕೆ ಸಾಧ್ಯವಾಗಬಾರದು? ಯಾವ ಸಂಖ್ಯೆಯ ಸೆಟ್ಟಿನಲ್ಲಿ ಯಾವ ಚಿಪ್ಪು ಕೂತಿದೆಯೆಂಬ ದಾಖಲೆ ಕಾರ್ಖಾನೆಯಲ್ಲಿ ಇದ್ದೇ ಇರುತ್ತದೆ. ಇಲ್ಲವಾದರೆ ದೋಷಯುಕ್ತ ತಂಡವನ್ನು ಹಿಂದಕ್ಕೆ ಕರೆಸುವುದು ಅವರಿಂದ ಆಗುವುದೇ ಇಲ್ಲ.

ಸಾಮಾನ್ಯ ಗ್ರಾಹಕನಿಗೆ ಯು.ಎಫ್.ಎಸ್., ಇ.ಎಂ.ಎಂ.ಸಿ. ಎಂದರೆ ತಿಳಿಯದು, ಹೇಳಿ ಏನು ಪ್ರಯೋಜನ ಎಂಬ ಮಾತೂ ಇದೆ. ಚಿನ್ನದ 22 ಕ್ಯಾರೆಟ್ ಎಂದರೆ ಇಪ್ಪತ್ತನಾಲ್ಕರಲ್ಲಿ ಎಷ್ಟು ಪಾಲು ಎಂದು ಲೆಕ್ಕ ಹಾಕಿ ಕೊಳ್ಳುವವರು ಎಷ್ಟು ಮಂದಿ? ಲೆಕ್ಕ ಬಾರದವನಿಗೂ ಆ ಗುರುತು ರಕ್ಷಣೆ ಕೊಡುತ್ತದೆ, ಏಕೆಂದರೆ ಲೆಕ್ಕ ಬಲ್ಲ ಒಬ್ಬನು ತಪ್ಪು ಹಿಡಿದರೆ ಸಾಕು. ಪಿ-10ರ ಪ್ರಕರಣದಲ್ಲಿಯೂ ನಡೆದದ್ದು ಅದೇ. ವೇಗ ಅಳೆಯುವ ಉಚಿತ ಆ್ಯಪ್ ಇದ್ದ ಕೆಲವರು ಅಳೆದರು, ಉಳಿದವರಿಗೆ ಗೊತ್ತಾಯಿತು. ಇಂದು ಆ ಆ್ಯಪ್ ಎಲ್ಲರ ಕೈಗೂ ಎಟಕುತ್ತದೆ. ಮುಚ್ಚಿಟ್ಟದ್ದು ಮುಚ್ಚಿಯೇ ಇರುತ್ತದೆಂದು ಲೆಕ್ಕ ಹಾಕುವವನು ತನ್ನ ಗಿರಾಕಿಯನ್ನು ಅರಿತಿಲ್ಲ. ಪ್ರತಿಸ್ಪರ್ಧಿಗಳಿಗೆ ಗುಟ್ಟು ತಿಳಿಯುತ್ತದೆಂಬ ಆಕ್ಷೇಪಕ್ಕೂ ಹುರುಳಿಲ್ಲ. ಪ್ರತಿಸ್ಪರ್ಧಿಯು ಫೋನು ಮಾರುಕಟ್ಟೆಗೆ ಬಂದ ವಾರದಲ್ಲಿಯೇ ಅದನ್ನು ಬಿಚ್ಚಿ ನೋಡಿರುತ್ತಾನೆ. ಗುಟ್ಟು ಉಳಿಯುವುದು ಹಣ ಕೊಟ್ಟವನಿಂದ ಮಾತ್ರ.

ದೂರದ ದೊಡ್ಡ ಕಂಪನಿಗಳನ್ನು ಬೈಯುವುದು ಸುಲಭ. ನಮ್ಮ ಮನೆಯೊಳಗೂ ಒಮ್ಮೆ ಕಣ್ಣಾಡಿಸುವುದು ಒಳ್ಳೆಯದು. ತಾಮ್ರದ ಬೆಲೆ ಏರಿದಾಗಲೆಲ್ಲ ಪಂಪ್‌ಸೆಟ್, ಮಿಕ್ಸಿ, ಫ್ಯಾನ್, ಸ್ಟೆಬಿಲೈಸರ್‌ಗಳ ವೈಂಡಿಂಗಿನಲ್ಲಿ ಅಲ್ಯೂಮಿನಿಯಂ ತಂತಿ ನುಸುಳುವುದು ನಮ್ಮ ಮಾರುಕಟ್ಟೆಗೆ ಅಪರಿಚಿತವಲ್ಲ. ಒಂದೇ ಗಾತ್ರದ ತಂತಿಯಲ್ಲಿ ಅಲ್ಯೂಮಿನಿಯಂನ ವಿದ್ಯುತ್ ವಾಹಕತೆ ತಾಮ್ರದ ಶೇಕಡಾ 60ರಷ್ಟು ಮಾತ್ರ. ಅದಕ್ಕೆ ತಕ್ಕಂತೆ ದಪ್ಪ ತಂತಿ ಬಳಸಿ, ವಿನ್ಯಾಸ ಬದಲಿಸಿ, ಅಲ್ಯೂಮಿನಿಯಂ ಎಂದು ಹೇಳಿ, ಕಡಿಮೆ ಬೆಲೆಗೆ ಮಾರಿದರೆ ಅದರಲ್ಲಿ ಯಾವ ಮೋಸವೂ ಇಲ್ಲ. ಅದನ್ನೇ ಬಯಸುವ ಗಿರಾಕಿಯೂ ಇದ್ದಾನೆ. ಅದೇ ಹೆಸರು, ಅದೇ ಡಬ್ಬಿ, ಅದೇ ಬೆಲೆ ಉಳಿಸಿಕೊಂಡು ಒಳಗಿನ ತಂತಿ ಮಾತ್ರ ಬದಲಾದಾಗ, ಬೇಸಿಗೆಯ ನಡುವೆ ಮೋಟಾರು ಸುಟ್ಟ ರೈತ ರಿಪೇರಿ ಅಂಗಡಿಯಲ್ಲಿ ಅದನ್ನು ಬಿಚ್ಚಿಸಿದ ಗಳಿಗೆಗೇ ಎಲ್ಲವೂ ಹೊರಬೀಳುತ್ತದೆ. ಆ ರೈತನ ಮಾತು ಊರಿಗೆಲ್ಲ ಹರಡಲು ಇಂಟರ್‌ನೆಟ್ಟೂ ಬೇಕಿಲ್ಲ, ವಾರದ ಸಂತೆ ಸಾಕು. ಸಣ್ಣ ತಯಾರಕನಿಗೆ ಕ್ಷಮೆ ಕೇಳಿ ಮತ್ತೆ ತಲೆಯೆತ್ತುವಷ್ಟು ಜಾಹೀರಾತಿನ ಬಲವೂ ಇರುವುದಿಲ್ಲ.

ಇದನ್ನು ಈಗಲೇ ಹೇಳುವುದಕ್ಕೆ ಕಾರಣವಿದೆ. 2025ರ ಕೊನೆಯ ಭಾಗದಿಂದ ಮೆಮೊರಿ ಚಿಪ್ಪುಗಳ ಬೆಲೆ ಮತ್ತೆ ತೀವ್ರವಾಗಿ ಏರಿದೆ. ಈ ಸಲದ ಕಾರಣ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು. ತಯಾರಕರು ಹೆಚ್ಚು ಲಾಭದ ಆ ಗಿರಾಕಿಗಳತ್ತ ಸರಕನ್ನು ತಿರುಗಿಸುತ್ತಿದ್ದಾರೆ. ಮೈಕ್ರಾನ್ ಕಂಪನಿಯು ಕ್ರೂಶಿಯಲ್ ಎಂಬ ಹೆಸರಿನಲ್ಲಿ ನಡೆಸುತ್ತಿದ್ದ ಗ್ರಾಹಕ ವ್ಯಾಪಾರದಿಂದ ಹಿಂದೆ ಸರಿಯುವುದಾಗಿ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಚಿಪ್ಪು ಸಿಗದಿದ್ದಾಗ ಫೋನು ತಯಾರಕನ ಮುಂದೆ ಇರುವ ದಾರಿಗಳು ಮೂರೇ: ಬೆಲೆ ಏರಿಸುವುದು, ಮಾರಾಟ ತಗ್ಗಿಸುವುದು, ಇಲ್ಲವೇ ಸಿಕ್ಕಿದ ಚಿಪ್ಪನ್ನು ಸದ್ದಿಲ್ಲದೆ ಒಳಗಿಡುವುದು. ಮೊದಲೆರಡು ಎಲ್ಲರ ಕಣ್ಣಿಗೂ ಕಾಣುತ್ತವೆ. ಇದರಲ್ಲಿ ಕರ್ನಾಟಕಕ್ಕೆ ನೇರ ಸಂಬಂಧವೂ ಇದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ವಿಸ್ಟ್ರಾನ್ ನಡೆಸುತ್ತಿದ್ದು 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ವಹಿಸಿಕೊಂಡ ಕಾರ್ಖಾನೆ, ದೇವನಹಳ್ಳಿಯ ಬಳಿಯ ಫಾಕ್ಸ್‌ಕಾನ್ ಕಾರ್ಖಾನೆ, ಇವುಗಳಿಂದಾಗಿ ಫೋನು ಇಂದು ನಮ್ಮ ನೆಲದ ಉತ್ಪನ್ನವೂ ಹೌದು. ಅವುಗಳ ಸುತ್ತ ಬೆಳೆಯಬೇಕಾದ ಸಣ್ಣ ಘಟಕಗಳು ಬದಲಾವಣೆಯ ನೋಟೀಸು ಕೊಡುವ ಶಿಸ್ತನ್ನು ಮೊದಲ ದಿನದಿಂದಲೇ ಕಲಿಯಬೇಕಾಗುತ್ತದೆ.

ಸರ್ಕಾರ ಹೊಸ ಕಾನೂನು ತರಲಿ ಎಂದು ಕಾಯುವುದರಲ್ಲಿ ನನಗೆ ಹೆಚ್ಚಿನ ವಿಶ್ವಾಸವಿಲ್ಲ. ಇರುವ ಕಾನೂನುಗಳೇ ಸಾಕಷ್ಟಿವೆ, ಹೊಸ ಫಾರಂ ಬಂದರೆ ಅದರ ಹೊರೆ ಹೊರುವವನೂ ಸಣ್ಣ ವ್ಯಾಪಾರಿಯೇ. ವರ್ತಕರ ಕೈಯಲ್ಲಿಯೇ ಒಂದು ಅಸ್ತ್ರವಿದೆ, ಅದು ವಿತರಣಾ ಒಪ್ಪಂದ. ಗುರಿ ಮುಟ್ಟದಿದ್ದರೆ ಏನಾಗಬೇಕು, ಹಣ ತಡವಾದರೆ ಬಡ್ಡಿ ಎಷ್ಟು ಎಂಬುದೆಲ್ಲ ಅದರಲ್ಲಿ ವಿವರವಾಗಿರುತ್ತದೆ. ಸರಕು ಒಳಗೊಳಗೇ ಬದಲಾದರೆ ಏನಾಗಬೇಕೆಂಬುದು ಇರುವುದಿಲ್ಲ. ಒಬ್ಬ ಅಂಗಡಿಯವನು ಕೇಳಿದರೆ ಕಂಪನಿಯ ಪ್ರತಿನಿಧಿ ನಕ್ಕು ಮುಂದಿನ ಅಂಗಡಿಗೆ ಹೋಗುತ್ತಾನೆ. ಜಿಲ್ಲೆಯ ವರ್ತಕರೆಲ್ಲ ಸಂಘದ ಮೂಲಕ ಒಂದೇ ಕರಡನ್ನು ಮುಂದಿಟ್ಟರೆ ಹಾಗೆ ಹೋಗಲಾರ. ಕರಡಿನಲ್ಲಿ ಇರಬೇಕಾದುದು ಹೆಚ್ಚೇನಿಲ್ಲ. ಪ್ರೊಸೆಸರ್, ಸ್ಟೋರೇಜ್, ರ್‍ಯಾಮ್, ಪರದೆ, ಕ್ಯಾಮೆರಾ ಸೆನ್ಸರ್, ಬ್ಯಾಟರಿ ಇವುಗಳಲ್ಲಿ ಯಾವುದರ ಬಗೆ ಬದಲಾದರೂ ಸರಕು ಅಂಗಡಿಗೆ ಬರುವ ಮುಂಚೆ ಲಿಖಿತ ಸೂಚನೆ ಕೊಡತಕ್ಕದ್ದು. ಬದಲಾದ ಸರಕಿನ ಡಬ್ಬಿಯ ಮೇಲೆ ಮಾಡೆಲ್ ಸಂಖ್ಯೆಗೆ ಪ್ರತ್ಯೇಕ ಅಕ್ಷರ ಸೇರಿಸತಕ್ಕದ್ದು. ಸೂಚನೆ ಕೊಡದೆ ಕಳುಹಿಸಿದ ಸೆಟ್ಟನ್ನು ಗ್ರಾಹಕ ಹಿಂದಿರುಗಿಸಿದರೆ, ಬಿಲ್ಲಿನ ಪೂರ್ತಿ ಮೊತ್ತಕ್ಕೆ ಮತ್ತು ಸಾಗಣೆ ವೆಚ್ಚಕ್ಕೆ ಕಂಪನಿಯೇ ಹೊಣೆಯಾಗತಕ್ಕದ್ದು. ಬಹುತೇಕ ವಿತರಕರ ಒಪ್ಪಂದಗಳು ಹಣಕಾಸು ವರ್ಷದ ಆರಂಭದಲ್ಲಿ ನವೀಕರಣಕ್ಕೆ ಬರುತ್ತವೆ. ಅದಕ್ಕೆ ಮುಂಚಿನ ತಿಂಗಳ ಸಭೆಯಲ್ಲಿ ಈ ಮೂರು ಸಾಲುಗಳನ್ನು ಚರ್ಚೆಗೆ ಇಟ್ಟರೆ ಸಮಯ ಸಾಕಾಗುತ್ತದೆ.